ಸದ್ದಿಲ್ಲದ ಪೆಟ್ಟಿಗೆಯೂ ಅಪ್ಪನ ಚಹಾವೂ

ನನ್ನ ಮೇಜಿನ ಮೇಲೆ ಊಟದ ಡಬ್ಬಿಯಷ್ಟೇ ದೊಡ್ಡದಾದ ಒಂದು ಕಪ್ಪು ಪೆಟ್ಟಿಗೆ ಇದೆ. ಮೈತುಂಬ ಬಾಚಣಿಗೆಯ ಹಲ್ಲುಗಳಂತೆ ಎದ್ದುನಿಂತ ಲೋಹದ ಗೆರೆಗಳು, ಬೆನ್ನಿಗೆ ನಾಲ್ಕಾರು ವೈರು, ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ನೀಲಿ ದೀಪ. ಮನೆಗೆ ಬಂದವರು ಇದನ್ನು ಟಿವಿಯ ಪೆಟ್ಟಿಗೆ ಎಂದುಕೊಳ್ಳುತ್ತಾರೆ. ಪಕ್ಕದ ಮನೆಯ ಶಾಂತಮ್ಮನಂತೂ ಎಷ್ಟು ಚಾನೆಲ್ ಬರುತ್ತವೆ ಎಂದು ಕೇಳಿ, ಇದು ಕಂಪ್ಯೂಟರು ಎಂದಾಗ ನಾನು ತಮಾಷೆ ಮಾಡುತ್ತಿದ್ದೇನೆಂದು ಮುಖ ತಿರುಗಿಸಿಕೊಂಡು ಹೋದರು. ಅವರದೇನೂ ತಪ್ಪಿಲ್ಲ. ಇದರೊಳಗೆ ಫ್ಯಾನಿಲ್ಲ, ತಿರುಗುವ ವಸ್ತು ಯಾವುದೂ ಇಲ್ಲ, ಆದ್ದರಿಂದ ಸದ್ದೂ ಇಲ್ಲ. ನಡೆಯುತ್ತಿದೆಯೋ ನಿಂತಿದೆಯೋ ನನಗೇ ತಿಳಿಯುವುದಿಲ್ಲವೆಂದ ಮೇಲೆ ಶಾಂತಮ್ಮನಿಗೆ ಹೇಗೆ ತಿಳಿಯಬೇಕು? ಮೊದಲ ವಾರದಲ್ಲಿ, ಚಾಲೂ ಮಾಡುತ್ತೇನೆಂದುಕೊಂಡು ಗುಂಡಿ ಒತ್ತಿ, ಆಗಲೇ ಚಾಲೂ ಇದ್ದುದನ್ನು ಎರಡು ಸಲ ಬಂದ್ ಮಾಡಿ, ಒಂಬತ್ತನೇ ತರಗತಿಯ ಅರ್ಧ ಪ್ರಶ್ನೆಪತ್ರಿಕೆಯನ್ನು ಕಳೆದುಕೊಂಡೆ.

ನಾನು ಸಂತೆಕಲ್ಲೂರಿನ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು, ಮನೆ ಮಸ್ಕಿಯಲ್ಲಿ. ಮದುವೆಯ ಮಾತನ್ನು ನನ್ನ ಪಾಲಿಗೆ ಎಲ್ಲರೂ ಬಿಟ್ಟು ಬಹಳ ವರ್ಷಗಳಾದವು. ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ನಾನು, ಅಪ್ಪ, ಇಬ್ಬರೇ. ಪ್ರಶ್ನೆಪತ್ರಿಕೆ ತಯಾರಿಸುವುದು, ಮಕ್ಕಳಿಗೆ ಪಾಠದ ವಿಡಿಯೋ ಮಾಡುವುದು, ಇಲಾಖೆ ಕೇಳುವ ಮಾಹಿತಿಯನ್ನು ಕೇಳಿದಷ್ಟು ಸಲವೂ ಹೊಸದಾಗಿ ತುಂಬಿಸುವುದು, ಇವೆಲ್ಲ ಹನ್ನೊಂದು ವರ್ಷ ನಡೆದದ್ದು ಮೇಜಿನ ಕೆಳಗೆ ಕೂತಿದ್ದ ಹಳೆಯ ಕಂಪ್ಯೂಟರಿನಲ್ಲಿ. ಅದರ ಫ್ಯಾನಿನ ಸದ್ದು ಕೇಳಿದವರಿಗೆ ಹಿಟ್ಟಿನ ಗಿರಣಿಯೇ ನೆನಪಾಗಬೇಕು. ನನ್ನ ಕೋಣೆಯ ಗೋಡೆಯಾಚೆಗೇ ಪಡಸಾಲೆಯಲ್ಲಿ ಅಪ್ಪನ ಮಂಚ. ಪಾಪ, ಮುಪ್ಪಿನ ಕಾಲದಲ್ಲಿ ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚಲೂ ಈ ಗಿರಣಿ ಬಿಡುವುದಿಲ್ಲವಲ್ಲ ಎಂದು ನಾನೇ ಮರುಗಿ, ಒಂದು ದಿನ ಸಿಂಧನೂರಿಗೆ ಹೋಗಿ ಈ ಪೆಟ್ಟಿಗೆಯನ್ನು ತಂದೆ. ಫ್ಯಾನಿಲ್ಲದಿದ್ದರೆ ನಮ್ಮ ಬಿಸಿಲಿಗೆ ಇದು ತಣ್ಣಗಾಗುವುದು ಹೇಗೆ ಎಂದು ಕೇಳಿದ್ದಕ್ಕೆ ಅಂಗಡಿಯವನು ಆ ಗೆರೆಗಳ ಮೇಲೆ ಬೆರಳಾಡಿಸಿ, "ಇದರ ಮೈಯೇ ಫ್ಯಾನ್ ಇದ್ದಂಗ್ರೀ ಮೇಡಂ. ಒಳಗ ಎಷ್ಟು ದುಡೀತೈತೋ ಅಷ್ಟು ಮೈ ಬಿಸಿ ಆಕ್ಕೈತಿ" ಎಂದ. ಆ ಮಾತನ್ನು ನಾನು ಅಲ್ಲಿಯೇ ಬಿಟ್ಟು ಬಂದೆ. ನನಗೆ ಬೇಕಾಗಿದ್ದದ್ದು ನಿಶ್ಶಬ್ದ ಮಾತ್ರ.

ಅಪ್ಪನ ಬಗ್ಗೆ ಇಲ್ಲಿ ನಾಲ್ಕು ಮಾತು ಹೇಳಲೇಬೇಕು. ಗೊರೇಬಾಳದ ಹತ್ತಿರ ಕಾಲುವೆಯ ಗೇಟು ಎತ್ತುವ, ಇಳಿಸುವ ಕೆಲಸದಲ್ಲಿ ಅಪ್ಪ ತನ್ನ ಇಡೀ ನೌಕರಿಯನ್ನು ಕಳೆದ. ನೀರಿನ ಮಟ್ಟ ಅಳೆಯಲು ಸರ್ಕಾರ ಅಲ್ಲೊಂದು ಗೇಜಿನ ಕಲ್ಲು ನಿಲ್ಲಿಸಿತ್ತು. ಅಪ್ಪ ಅದನ್ನು ನೋಡುತ್ತಿದ್ದದ್ದು ಮೇಲಧಿಕಾರಿಗಳು ಬಂದಾಗ ಮಾತ್ರ. ಕಾಲುವೆ ದಂಡೆಯ ಆಗಿನ ಮನೆಯಲ್ಲಿ ಊಟದ ತಟ್ಟೆಯ ಮುಂದೆ ಕೂತವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, ತಲೆ ಒಂದಿಷ್ಟು ವಾಲಿಸಿ, ನೀರು ಇಳಿಯಿತು ಎಂದು ಎದ್ದು ಹೋಗುತ್ತಿದ್ದ. ಹೋಗಿ ನೋಡಿದರೆ ನಿಜವಾಗಿಯೂ ಇಳಿದಿರುತ್ತಿತ್ತು. ಮಕ್ಕಳಾದ ನಮಗೆ ಕೇಳಿಸುತ್ತಿದ್ದದ್ದು ಒಂದೇ ಭೋರೆಂಬ ಸದ್ದು. ಆತನಿಗೆ ಅದರಲ್ಲಿ ಎಷ್ಟು ಬಗೆ ಕೇಳಿಸುತ್ತಿತ್ತೋ ನಾವು ಎಂದೂ ಕೇಳಲಿಲ್ಲ. ಈಗ ಕಣ್ಣಿನ ಒತ್ತಡದ ಕಾಯಿಲೆಯಿಂದ ಆತನಿಗೆ ಬೆಳಕು ನೆರಳುಗಳ ಹೊರತು ಏನೂ ಕಾಣುವುದಿಲ್ಲ. ಆದರೂ ಮನೆಯೊಳಗೆ ಯಾರ ಕೈಯನ್ನೂ ಹಿಡಿಯದೆ ಓಡಾಡಿಕೊಂಡಿದ್ದ. ಅದು ಅಭ್ಯಾಸಬಲ ಎಂದೇ ನಾನು ತಿಳಿದಿದ್ದೆ.

ಹೊಸ ಪೆಟ್ಟಿಗೆ ಬಂದ ದಿನ ಮನೆಯಲ್ಲಿ ನೆಲೆಸಿದ ಮೌನವನ್ನು ನಾನು ಹಬ್ಬದಡಿಗೆಯಂತೆ ಚಪ್ಪರಿಸಿದೆ, ಸುಳ್ಳು ಹೇಳಲಾರೆ. ಗೋಡೆಯ ಗಡಿಯಾರ ಟಿಕ್ಕೆನ್ನುವುದು, ಓಣಿಯ ತುದಿಯಲ್ಲಿ ಟಂಟಂ ಆಟೋ ನಿಲ್ಲುವುದು, ಎಲ್ಲವೂ ಹೊಸದಾಗಿ ಕೇಳತೊಡಗಿದವು. ನಮ್ಮದು ಬುದ್ಧನಿಗೆ ದೀಪ ಹಚ್ಚುವ ಮನೆ. ಅಪ್ಪ ಬೆಳಿಗ್ಗೆ ಸಂಜೆ ಕಣ್ಣು ಮುಚ್ಚಿ ಅರ್ಧ ತಾಸು ಸುಮ್ಮನೆ ಕೂಡುತ್ತಾನೆ. ಅಂಥವನಿಗೆ ನಾನು ಮೌನವನ್ನೇ ಕೊಂಡು ತಂದೆನಲ್ಲ ಎಂಬ ಹೆಮ್ಮೆಯೂ ಒಳಗೊಳಗೆ ಇತ್ತು.

ಆದರೆ ಹದಿನೈದು ದಿನ ಕಳೆಯುವುದರೊಳಗೆ ಅಪ್ಪ ಬೇರೆಯೇ ಮನುಷ್ಯನಾದ. ನಾನು ಕೋಣೆಯಲ್ಲಿ ಕೆಲಸ ಮಾಡುತ್ತಿದ್ದರೆ ಗೋಡೆಯಾಚೆಯಿಂದ "ಇದ್ದೀ ಏನವ್ವಾ?" ಎಂದು ಕೂಗುವನು. ಇದ್ದೇನೆ ಎನ್ನುವೆ. ಹತ್ತು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ. ನನ್ನ ಕೋಣೆಗೆಂದು ಎದ್ದವನು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಲ್ಲುವನು. ಇನ್ನು ಆತನ ಚಹಾದ ಕತೆ. ಅಪ್ಪನಿಗೆ ಮೊದಲಿನಿಂದಲೂ ಒಂದು ಗುಣವಿತ್ತು: ನಾನು ಕೆಲಸದಲ್ಲಿ ಮುಳುಗಿದ್ದಾಗ ಎಂದೂ ಕರೆಯುತ್ತಿರಲಿಲ್ಲ, ಕೈ ಖಾಲಿಯಾದ ಗಳಿಗೆಗೆ ಸರಿಯಾಗಿ, ಯಾರೋ ಕಿವಿಯಲ್ಲಿ ಹೇಳಿಕೊಟ್ಟಂತೆ, ಚಾ ಮಾಡು ಎನ್ನುತ್ತಿದ್ದ. ಈಗ ಆ ಲೆಕ್ಕವೇ ತಪ್ಪಿತು. ವಿಡಿಯೋದ ನಡುವೆ ಚಹಾ ಕೇಳಿ, ತಂದುಕೊಟ್ಟರೆ ಒಂದು ಗುಟುಕು ಕುಡಿದು ಇಟ್ಟುಬಿಡುವನು. ಕೆಲವು ದಿನ ಕೇಳುವುದೇ ಇಲ್ಲ.

ಒಂದು ಸಂಜೆ ಕೋಣೆಯಿಂದ ಹೊರಬಂದಾಗ ಮಂಚದ ಮೇಲೆ ಅಪ್ಪ ಇರಲಿಲ್ಲ. ಬಾಗಿಲು ತೆರೆದಿತ್ತು. ಓಣಿಯಲ್ಲಿ ಮೂರು ಮನೆಯಾಚೆ, ಬರಿಗಾಲಲ್ಲಿ, ಯಾರದೋ ಕಾಂಪೌಂಡಿನ ಗೋಡೆಗೆ ಕೈ ಊರಿ ನಿಂತಿದ್ದ. ಎಲ್ಲಿಗೆ ಹೊರಟೆ ಎಂದರೆ, ನಿನ್ನನ್ನು ನೋಡಲಿಕ್ಕೆ ಎಂದ. ನಾನು ಮನೆಯೊಳಗೇ ಇದ್ದೆ, ಆತನಿಂದ ಹತ್ತು ಹೆಜ್ಜೆ ದೂರದಲ್ಲಿ. ಕೈ ಹಿಡಿದು ಒಳಗೆ ಕರೆತಂದೆ. ಕಣ್ಣು ಹೋಯಿತು, ಈಗ ನೆನಪೂ ಹೋಗುತ್ತಿದೆಯೇ? ಲಿಂಗಸುಗೂರಿನಲ್ಲಿರುವ ತಂಗಿಗೆ ಫೋನು ಮಾಡಿ ಅತ್ತುಬಿಟ್ಟೆ. ಅವಳೂ ಅತ್ತಳು, ಆಮೇಲೆ ಧೈರ್ಯ ತಂದುಕೊಂಡು, ಸಿಂಧನೂರಿನ ವೈದ್ಯರಿಗೆ ತೋರಿಸೋಣ, ತಡ ಮಾಡುವುದು ಬೇಡ ಎಂದಳು. ಮುಂದಿನ ಬುಧವಾರಕ್ಕೆ ಹೆಸರು ಬರೆಸಿದೆವು.

ಆ ನಡುವಿನ ಭಾನುವಾರ. ಹಳೆಯ ಕಂಪ್ಯೂಟರನ್ನು ತಂಗಿಯ ಮಗಳಿಗೆ ಕೊಡುವುದೆಂದು ಮಾತಾಗಿತ್ತು. ಅದರಲ್ಲಿ ಉಳಿದಿದ್ದ ಅವ್ವನ ಒಂದಿಷ್ಟು ಫೋಟೋ ತೆಗೆದಿಟ್ಟುಕೊಳ್ಳಲು ಬೆಳಗಿನ ಹತ್ತರ ಸುಮಾರಿಗೆ ಅದನ್ನು ಚಾಲೂ ಮಾಡಿದೆ. ಗಿರಣಿ ಗರ್ರೆಂದು ಎಚ್ಚರವಾಯಿತು. ಮರುಕ್ಷಣವೇ ಪಡಸಾಲೆಯಲ್ಲಿ ಮಂಚ ಕಿರುಗುಟ್ಟಿತು. ಅಪ್ಪ ಎದ್ದು, ಎಲ್ಲಿಯೂ ತಡವರಿಸದೆ, ನೆಟ್ಟಗೆ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತ.

"ಬಂದೆ ಏನವ್ವಾ? ಇಷ್ಟ ದಿನ ಎಲ್ಲಿ ಹೋಗಿದ್ದಿ?"

ಮೊದಲಿಗೆ ಅನುಮಾನ ಖಚಿತವಾಯಿತು ಎಂದುಕೊಂಡೆ. ನಾನು ಇಲ್ಲೇ ಇದ್ದೆನಲ್ಲಪ್ಪ ಎಂದು ಹೇಳಲು ಬಾಯಿ ತೆರೆದವಳು ಆತನ ಮುಖ ನೋಡಿದೆ. ಆತ ನನ್ನ ಕಡೆಗೆ ತಿರುಗಿರಲಿಲ್ಲ. ತಲೆ ಒಂದಿಷ್ಟು ವಾಲಿತ್ತು, ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕಾಲುವೆಯನ್ನು ಆಲಿಸುತ್ತಿದ್ದ ಅದೇ ಭಂಗಿಯಲ್ಲಿ, ಮೇಜಿನ ಕೆಳಗಿನ ಸದ್ದಿನ ಕಡೆಗೆ.

ಗಣಿತದವಳು ನಾನು, ಸಮೀಕರಣದ ಒಂದು ಪದ ಸಿಕ್ಕಿದರೆ ಉಳಿದದ್ದನ್ನು ಬಿಡಿಸಬಲ್ಲೆ. ಫ್ರಿಜ್ಜಿನ ಗುಂಯ್ಯೆಂಬ ಸದ್ದು ಆತನಿಗೆ ಅಡುಗೆಮನೆ, ಹಳೆಯ ಫ್ಯಾನಿನ ಸದ್ದು ನನ್ನ ಕೋಣೆ, ಆ ಸದ್ದು ಇದ್ದರೆ ಮಗಳು ಇದ್ದಾಳೆ. ನಾನು ದಿಕ್ಸೂಚಿಯನ್ನೇ ಕಿತ್ತುಹಾಕಿ, ದಾರಿ ತಪ್ಪಿದ್ದಕ್ಕೆ ಆತನ ತಲೆಯನ್ನು ವೈದ್ಯರಿಗೆ ತೋರಿಸಹೊರಟಿದ್ದೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಜೀವ ಬಂದಂತಾಯಿತು. ಬುಧವಾರದ ಹೆಸರನ್ನು ತೆಗೆಸಿಹಾಕಿದೆ.

ಮರುದಿನದಿಂದ ನಮ್ಮ ಮನೆಯಲ್ಲಿ ಒಂದು ವಿಚಿತ್ರ ವ್ಯವಸ್ಥೆ ಶುರುವಾಯಿತು. ಮೇಜಿನ ಮೇಲಿನ ಪೆಟ್ಟಿಗೆ ಸದ್ದಿಲ್ಲದೆ ಕೆಲಸ ಮಾಡುವುದು, ಮೇಜಿನ ಕೆಳಗಿನದು ಕೆಲಸವಿಲ್ಲದೆ ಸದ್ದು ಮಾಡುವುದು. ಇದರಲ್ಲಿ ಕಂಪ್ಯೂಟರ್ ಯಾವುದು, ನೀವೇ ಹೇಳಿ. ಕೆಲವು ಕಚೇರಿಗಳಲ್ಲಿ ಇಂಥ ಏರ್ಪಾಟು ಮನುಷ್ಯರ ನಡುವೆಯೇ ಇರುತ್ತದೆ, ಅದು ಬೇರೆ ಮಾತು. ಹೇಗೋ ಅಪ್ಪ ಸರಿಹೋದನಲ್ಲ ಎಂದು ನಾನು ನಿರಾಳವಾದೆ. ಆದರೆ ಚಹಾದ ಲೆಕ್ಕ ಮಾತ್ರ ಸರಿಹೋಗಲಿಲ್ಲ.

ಮೂರನೆಯ ದಿನ ಸಂಜೆ ಅಪ್ಪ ಒಳಗೆ ಬಂದು, ಮಡಚುವ ಕುರ್ಚಿಯ ಮೇಲೆ ಕೂತು, ಮೇಜಿನ ಕೆಳಗೆ ಕೈ ತೋರಿಸಿದ.

"ಬಂದ್ ಮಾಡು ಅದನ್ನ. ಖಾಲಿ ತಿರಗಾಕತ್ತೈತಿ. ಹೆಚ್ಚಿಲ್ಲ, ಕಮ್ಮಿಲ್ಲ, ಮುಂಜಾನಿಂದ ಒಂದ ಸವನ. ಅದರಾಗ ನೀ ಇಲ್ಲ."

ನಾನು ಸಿಕ್ಕಿಬಿದ್ದ ವಿದ್ಯಾರ್ಥಿನಿಯಂತೆ ಕೂತೆ. ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಅಪ್ಪ ನಿಧಾನವಾಗಿ, ನೀರು ಬಿಡುವ ಲೆಕ್ಕ ಹೇಳುವವನಂತೆ ಹೇಳಿದ: ನಾನು ವಿಡಿಯೋ ಮಾಡುವಾಗ ಅದು ಏರುತ್ತಿತ್ತಂತೆ, ಅಕ್ಷರ ಬಡಿಯುವಾಗ ಇಳಿಯುತ್ತಿತ್ತಂತೆ, ಕೆಲಸ ಬಿಟ್ಟು ಸುಮ್ಮನೆ ಕೂತರೆ ಸಣ್ಣಗಾಗಿ ಎಳೆಯುತ್ತಿತ್ತಂತೆ.

"ನಿಮ್ಮವ್ವ ಹ್ವಾದ ವರ್ಷ ಬಾಳ ಸಣ್ಣಗ ತಿರಗತಿತ್ತವ್ವಾ ಅದು. ತಾಸುಗಟ್ಟಲೆ. ನೀ ಒಬ್ಬಾಕೀನ ಸುಮ್ಮ ಕುಂತಿರತಿದ್ದಿ. ಏನಂತ ಮಾತಾಡಸಲಿ? ಅದಕ್ಕ ಚಾ ಮಾಡು ಅಂತಿದ್ದೆ. ನನಗೇನ ಚಾದ ಚಟ ಇಲ್ಲ."

ಆ ವರ್ಷ ನನಗೆ ನೆನಪಿದೆ. ಪ್ರಶ್ನೆಪತ್ರಿಕೆಯೊಂದನ್ನು ತೆರೆದಿಟ್ಟು, ಒಂದನೆಯ ಪ್ರಶ್ನೆಯನ್ನೂ ಬರೆಯಲಾಗದೆ ಪರದೆಯನ್ನೇ ನೋಡುತ್ತ ಕೂತಿರುತ್ತಿದ್ದೆ. ಅಪ್ಪನಿಗೆ ಕಾಣುವುದಿಲ್ಲ ಎಂಬ ಧೈರ್ಯದಿಂದ ಅಳುವುದೂ ಇತ್ತು. ಅಷ್ಟರಲ್ಲಿ ಚಹಾದ ಕೂಗು ಬಂದರೆ, ಈತನಿಗೆ ಹೆಂಡತಿ ಹೋದ ದುಃಖಕ್ಕಿಂತ ಚಹಾದ ಚಿಂತೆಯೇ ಹೆಚ್ಚಾಯಿತಲ್ಲ ಎಂದು ಸಿಟ್ಟಾಗಿ, ಪಾತ್ರೆ ಕುಕ್ಕಿ ಚಹಾ ಮಾಡಿಕೊಟ್ಟಿದ್ದೇನೆ. ಏಳುವುದಕ್ಕೆ ನನಗೊಂದು ನೆಪ ಬೇಕಾಗಿತ್ತು, ಆತ ಅದನ್ನು ದಿನಕ್ಕೆರಡು ಸಲ ಒದಗಿಸಿದ. ನನಗೆ ತಿಳಿಯಲು ಇಷ್ಟು ವರ್ಷ ಹಿಡಿಯಿತು, ಅದೂ ಒಂದು ಕಂಪ್ಯೂಟರು ಬದಲಾಯಿಸಿದ ಮೇಲೆ.

ಅಂದಿನಿಂದ ನನ್ನ ತಲೆ ಗೊಂದಲದ ಗೂಡಾಗಿದೆ. ಸದ್ದೆಂದರೆ ತೊಂದರೆ ಎಂದು ನನಗೆ ಕಲಿಸಿದವರು ಯಾರು? ಉಪಕಾರವೆಂದು ಮಾಡಿದ್ದು ಉಪದ್ರವವಾದದ್ದು ಹೇಗೆ? ಅಪ್ಪ ಕಣ್ಣು ಮುಚ್ಚಿ ಅರ್ಧ ತಾಸು ಕೂಡುವುದು ಮೌನಕ್ಕಾಗಿ ಎಂದುಕೊಂಡಿದ್ದೆನಲ್ಲ, ಆಗಲೂ ಆತ ಗೋಡೆಯಾಚೆಗಿನ ನನ್ನನ್ನೇ ಆಲಿಸುತ್ತಿದ್ದನೋ ಏನೋ. ಕೇಳಿದರೆ ನಗುತ್ತಾನೆ. ನಾನು ಯಾರನ್ನಾದರೂ ಹಾಗೆ ಆಲಿಸಿದ್ದೇನೆಯೇ ಎಂದು ಕೇಳಿಕೊಂಡೆ. ಅಪ್ಪ ಒಳ್ಳೆಯ ನಿದ್ದೆ ಮಾಡಿದನೋ ಇಲ್ಲವೋ ಎನ್ನುವುದನ್ನೂ ನಾನು ಊಹಿಸಿದ್ದೆನೇ ಹೊರತು ಕೇಳಿರಲಿಲ್ಲ.

ಹಳೆಯದನ್ನು ತಂಗಿಯ ಮಗಳು ಒಯ್ದಳು. ನಾನು ಮೇಜನ್ನು ಕೋಣೆಯಿಂದ ಪಡಸಾಲೆಗೆ ತಂದು ಅಪ್ಪನ ಮಂಚದ ಪಕ್ಕಕ್ಕೆ ಹಾಕಿಕೊಂಡೆ. ಮೊದಲ ದಿನವೇ, ಇದೇನಿದು ಎಂದು ತಡವುತ್ತಿದ್ದ ಅಪ್ಪನ ಕೈ ಈ ಪೆಟ್ಟಿಗೆಯ ಗೆರೆಗಳ ಮೇಲೆ ಬಂದು ನಿಂತಿತು. ನಾನು ಆಗ ವಿಡಿಯೋ ಮಾಡುತ್ತಿದ್ದೆ. ಬಹಳ ಹೊತ್ತು ಕೈ ತೆಗೆಯಲಿಲ್ಲ. ಒಳಗೆ ದುಡಿದಷ್ಟೂ ಮೈ ಬಿಸಿ ಎಂಬ ಅಂಗಡಿಯವನ ಮಾತು ನನಗೆ ನೆನಪಾದದ್ದು ಆಗಲೇ. ಆಮೇಲೆ ದಿನಕ್ಕೆ ನಾಲ್ಕಾರು ಸಲ, ಕಾಯಿಲೆಯ ಮಗುವಿನ ಹಣೆ ಮುಟ್ಟಿದಂತೆ, ಇದನ್ನು ಮುಟ್ಟಿ ನೋಡುತ್ತಾನೆ. ಬೇಸಿಗೆಯಲ್ಲಿ ಸುಮ್ಮನಿದ್ದರೂ ಸುಡುವ ನಮ್ಮೂರಿನಲ್ಲಿ ಈ ಲೆಕ್ಕ ಎಷ್ಟರಮಟ್ಟಿಗೆ ನಡೆಯುತ್ತದೋ ಕಾಣೆ.

ಇದೆಲ್ಲವನ್ನೂ ನಾನು ಬರೆಯುತ್ತಿರುವುದು ಈ ಪೆಟ್ಟಿಗೆಯಲ್ಲಿಯೇ. ಬರವಣಿಗೆ ಇದಕ್ಕೊಂದು ಕೆಲಸವೇ ಅಲ್ಲ. ನಾನು ಒಳಗೆ ಎಷ್ಟು ಕುದಿದರೂ ಇದರ ಮೈ ಬೆಚ್ಚಗಾಗುವುದಿಲ್ಲ. ಮೇಲಿನ ಸಾಲು ಬರೆದು, ಮುಂದೇನು ಎಂದು ತಿಳಿಯದೆ, ಅವ್ವನ ನೆನಪಿನಲ್ಲಿ ಕೈಕಟ್ಟಿ ಕೂತಿದ್ದೆ. ಪಕ್ಕದಿಂದ ಅಪ್ಪನ ಕೈ ಬಂತು, ಗೆರೆಗಳ ಮೇಲೆ ಒಂದು ಗಳಿಗೆ ನಿಂತಿತು.

"ತಣ್ಣಗೈತಿ," ಎಂದ. "ಚಾ ಮಾಡವ್ವಾ."

ಬರೆಯುತ್ತಿದ್ದೇನೆ ಎಂದು ಹೇಳಬಹುದಿತ್ತು. ಹೇಳದೆ ಎದ್ದು, ಎರಡು ಲೋಟಕ್ಕೆ ನೀರಿಟ್ಟೆ.