ಅಪ್ಪನ ಬಾಯಿ, ತಂಗಿಯ ಮರ

ಈಗ ಮಕ್ಕಳು ಊಟದ ಮಧ್ಯೆಯೇ ಫೋನ್ ಹಿಡಿದು ಅದರಲ್ಲಿ ತಮ್ಮ ಮುಖ ಸೊಟ್ಟ ಮಾಡಿಕೊಂಡು ನಗುತ್ತಾರೆ. ನಮ್ಮ ಕಾಲಕ್ಕೆ ಅದಕ್ಕೂ ಕಲಿಯಬೇಕಿತ್ತು. ತಿಪಟೂರಿನ ಸ್ಟುಡಿಯೋ ಒಂದರಲ್ಲಿ ನಾನು ಫೋಟೋ ಎಡಿಟಿಂಗ್ ಕಲಿತದ್ದೇ ಜನರ ಮುಖ ಕೆಡಿಸಿ ಕೆಡಿಸಿ. ಹೊಸಬಳಿಗೆ ಯಾರು ಕೆಲಸ ಕೊಡ್ತಾರೆ? ಸುಮ್ಮನೆ ಕೂತಿರೋ ಬದಲು ಮನೆಯವರ ಫೋಟೋ ಹಾಕಿಕೊಂಡು ಅವ್ವನ ಮೂಗನ್ನು ಬದನೆಕಾಯಿ ಮಾಡಿದೆ, ಸೋದರಮಾವನ ಕಿವಿಯನ್ನು ಹೆಗಲವರೆಗೆ ಇಳಿಸಿದೆ. ಲಿಕ್ವಿಫೈ ಅನ್ನೋ ಟೂಲ್ ತೆಗೆದರೆ ಸಾಕು, ಮೌಸಿನಲ್ಲೇ ಯಾರ ಕೆನ್ನೆಯನ್ನಾದರೂ ಕಣಕದ ಥರ ಎಳೆಯಬಹುದು, ತಳ್ಳಬಹುದು, ತಿರುಚಬಹುದು. ಪ್ರಿಂಟ್ ಮನೆಗೆ ತಂದರೆ ಅವ್ವ ಬೈಯೋಳು. ಅಪ್ಪ ಹೊಟ್ಟೆ ಹಿಡ್ಕೊಂಡು ನಗೋನು. "ನಂದೂ ಎಳಿ ಕಣೇ" ಅನ್ನೋನು. ಎಂಥ ಚೆಂದದ ದಿನಗಳು ಅವು. ನೆನೆಸಿಕೊಂಡರೆ ಈಗಲೂ ಒಬ್ಬಳೇ ನಗ್ತೀನಿ.

ಕೆಲವು ವರ್ಷದ ಮೇಲೆ ಒಂದು ಬೆಳಿಗ್ಗೆ ಅಪ್ಪ ಬಾಯಿ ಮುಕ್ಕಳಿಸಲು ಹೋದರೆ ನೀರು ಒಂದು ಕಡೆಯಿಂದ ಸೋರಿತು. ಮುಖಕ್ಕೆ ವಾತ ಹೊಡೆದು ಒಂದು ಕಣ್ಣು ಮುಚ್ಚಲಾಗದೆ, ಬಾಯಿ ವಾರೆಯಾಗಿತ್ತು. ಔಷಧಿಯಿಂದ ಕಣ್ಣು ಸರಿಹೋಯ್ತು, ಬಾಯಿ ಎಡಕ್ಕೆ ಎಳೆದುಕೊಂಡೇ ಉಳಿಯಿತು. ಆಮೇಲೆ ಅಪ್ಪ ಕನ್ನಡಿ ಮುಂದೆ ನಿಲ್ಲಲಿಲ್ಲ. ಕೊಬ್ಬರಿ ಕೊಳ್ಳೋರು ಮನೆಗೆ ಬಂದರೂ ಅವ್ವನೇ ಮಾತಾಡಬೇಕು. ತಂಗಿಯ ಮದುವೆ ಗೊತ್ತಾದಾಗ, "ಫೋಟೋಗೆ ಮಾತ್ರ ನನ್ನ ಕರೀಬೇಡಿ" ಅಂದುಬಿಟ್ಟ.

ತಂಗಿ ಅತ್ತಳು. ನನಗೆ ರೇಗಿಹೋಯ್ತು. "ನಾನು ಇರೋದು ಯಾತಕ್ಕಪ್ಪ? ಬಾಯಿ ನೆಟ್ಟಗೆ ಮಾಡಿಕೊಡ್ತೀನಿ, ಸುಮ್ನೆ ಬಾ" ಅಂತ ಗದರಿಸಿದೆ.

ನಮ್ಮ ಮನೇಲಿ ಮಗು ಹುಟ್ಟಿದರೆ ಅದರ ಹೆಸರಲ್ಲಿ ಒಂದು ತೆಂಗಿನ ಸಸಿ ನೆಡ್ತಾರೆ. ಮದುವೆಗೆ ಮುಂಚೆ ಬಳೆ ತೊಟ್ಟ ದಿನ, ತಂಗಿ ತನ್ನ ಮರದ ಬುಡದಲ್ಲೇ ಅಪ್ಪನ ಜೊತೆ ಒಂದು ಫೋಟೋ ಬೇಕು ಅಂತ ಹಟ ಹಿಡಿದಳು, ಗಂಡನ ಮನೆಗೆ ತಗೊಂಡು ಹೋಗೋಕೆ. ಅಪ್ಪ ನನ್ನ ಮಾತು ನಂಬಿ ನಿಂತ. ನಾನು ಕ್ಲಿಕ್ ಮಾಡೋ ಹೊತ್ತಿಗೆ ಅವಳು ಅವನ ಕಿವೀಲಿ ಏನೋ ಅಂದಳು.

ಮದುವೆ ಮುಗಿದ ಮೇಲೆ ಅಪ್ಪ ನಮ್ಮೂರು ಬಿಳಿಗೆರೆಯಿಂದ ಬಸ್ಸು ಹತ್ತಿ ಸ್ಟುಡಿಯೋಗೇ ಬಂದ. ನಾನಾಗಲೇ ಬಾಯಿ ತಿದ್ದಿ ಇಟ್ಟಿದ್ದೆ. ಹಳೇ ಅಪ್ಪನೇ ಅನ್ನೋ ಹಾಗೆ ಕೂರಿಸಿದ್ದೆ. ಹೆಮ್ಮೆಯಿಂದ, "ನೋಡು, ಹೆಂಗದೆ?" ಅಂದೆ.

ತುಂಬ ಹೊತ್ತು ನೋಡಿದ. "ಮರ ಯಾಕೆ ಹಿಂಗೆ ಬಾಗ್ಕೊಂಡದೆ?" ಅಂದ.

ನೋಡಿದರೆ ಹೌದು. ಮರ ಅಪ್ಪನ ಕೆನ್ನೆಗೆ ಅಂಟಿಕೊಂಡ ಹಾಗೇ ಹಿಂದಿತ್ತು. ಬಾಯನ್ನು ಬಲಕ್ಕೆ ತಳ್ಳಿದಾಗ ಕಾಂಡವೂ ಜೊತೆಗೆ ಸರಿದು ಡೊಂಕಾಗಿತ್ತು. ದಿನಾ ಮುಖ ತಿದ್ದೋ ನನ್ನ ಕಣ್ಣಿಗೆ ಬರೀ ಮುಖ ಬಿದ್ದಿತ್ತು. ತೆಂಗಿನ ತೋಟದಲ್ಲೇ ಬದುಕಿದ ಅಪ್ಪನಿಗೆ ಮೊದಲು ಕಂಡದ್ದು ಮರ.

"ಎರಡನ್ನೂ ಸರಿ ಮಾಡಬಹುದು ಕಣಪ್ಪ. ನಿನ್ನನ್ನೇ ಬೇರೆ ಕತ್ತರಿಸ್ಕೊಂಡು ತಿದ್ದಬೇಕು. ಸ್ವಲ್ಪ ಹೊತ್ತು ಹಿಡೀತದೆ" ಅಂದೆ.

"ಮೊದ್ಲು ಅವಳ ಮರ ನೆಟ್ಟಗೆ ಮಾಡು. ಹೊಸ ಮನೆಗೆ ಹೋಗವ್ಳೆ, ಅವಳ ಮರ ಹಿಂಗಿರಬಾರ್ದು. ಆಮೇಲೆ ನಂದು ನೋಡಾನ."

ಎಳೆದದ್ದನ್ನೆಲ್ಲ ಒಂದೊಂದಾಗಿ ಹಿಂದಕ್ಕೆ ತಗೊಂಡೆ. ಮರ ನೆಟ್ಟಗಾಗುತ್ತ ಬಂತು, ಅದರ ಜೊತೆಗೇ ಅಪ್ಪನ ಬಾಯಿ ಎಡಕ್ಕೆ ಹೋಯ್ತು. ಹಿಂದೆ ತಿರುಗಿ ಅವನ ಮುಖ ನೋಡೋಕೆ ನನಗೆ ಧೈರ್ಯ ಬರಲಿಲ್ಲ.

ಅಪ್ಪ ಕುರ್ಚಿ ಎಳೆದುಕೊಂಡು ಸ್ಕ್ರೀನಿನ ಹತ್ತಿರ ಬಂದು ಕೂತ.

"ನಾನು ನಗ್ತಾ ಇದೀನಲ್ಲೇ" ಅಂದ.

"ಹೂಂ ಕಣಪ್ಪ. ಅವಳು ಏನೋ ಅಂದ್ಲಲ್ಲ, ಅದಕ್ಕೆ ನೀನು ನಕ್ಕೆ."

"ಬಾಯಿ ಹಿಂಗಾದ ಮೇಲೆ ನಾನು ನಕ್ಕರೂ ಯಾರಿಗೂ ಕಾಣಾಕಿಲ್ಲ ಅಂದ್ಕೊಂಡಿದ್ದೆ ಕಣವ್ವ" ಅಂದ. ಆಮೇಲೆ, "ಮುಟ್ಟಬೇಡ ಬುಡು. ಹಿಂಗೇ ಕಳ್ಸು ಅವಳಿಗೆ."