ಅಕ್ಕ ಬೇಯಿಸಿ ಕೊಟ್ಟ ಮೊಟ್ಟೆ

ಸಲೂನಿನವನಿಗೆ ತನಗೂ ಒಂದು ಹೊಟ್ಟೆಯಿದೆ ಎಂದು ನೆನಪಾಗುತ್ತಿದ್ದುದೇ ಸಂಜೆ ಅಂಗಡಿ ಮುಚ್ಚುವಾಗ. ಅಲ್ಲಿಯವರೆಗೆ ಟೀ, ಬನ್ನು, ಮತ್ತೆ ಟೀ. ನೆಗಡಿಯಂತೂ ಅವನಿಗೆ ಕಾಯಂ ಗಿರಾಕಿ. ಹೋಯಿತು ಎನ್ನುವಷ್ಟರಲ್ಲಿ ಮತ್ತೆ ಬಂದು ಕೂರುತ್ತಿತ್ತು. ಆ ಚಳಿಗಾಲದಲ್ಲಿ ಅದು ಎದೆಗಿಳಿದು ನ್ಯುಮೋನಿಯಾ ಆಯಿತು. ಆಸ್ಪತ್ರೆಯಿಂದ ಅಕ್ಕ ಮನೆಗೆ ಕರೆತಂದಾಗ ಅಂಗಿಯೊಳಗೆ ಆಳೇ ಇದ್ದಂತಿರಲಿಲ್ಲ. ಬಾಚಣಿಗೆ ಎತ್ತಿದರೂ ಕೈ ನಡುಗುತ್ತಿತ್ತು. ತಾನಿನ್ನು ಕತ್ತರಿ ಹಿಡಿಯುವುದು ಕನಸೇ ಎಂದುಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ.

ಮತ್ತೆ ತೋರಿಸಲು ಹೋದಾಗ ಡಾಕ್ಟರಮ್ಮ ಕೇಳಿದರು, “ದಿನಾ ಏನ್ ತಿಂತೀರಿ?”

“ಟೀ ಕುಡೀತೀನಿ ಮೇಡಂ.”

“ನಾನು ಕೇಳಿದ್ದು ತಿನ್ನೋದನ್ನ.”

ಅವನು ಅಕ್ಕನ ಮುಖ ನೋಡಿದ.

“ರೋಗದ ಜೊತೆ ಹೋರಾಡೋಕೆ ಮೈಗೆ ಪ್ರೋಟೀನ್ ಬೇಕು. ಮೊಟ್ಟೇಲಿ ಅದಿದೆ, ವಿಟಮಿನ್ ಎ, ಡಿ ಎಲ್ಲಾ ಇದೆ. ದಿನಾ ಒಂದು ತಿನ್ನಿ. ಕಾಳು, ತರಕಾರಿ, ಹಣ್ಣೂ ಇರ್ಲಿ. ಆದ್ರೆ ಮೊಟ್ಟೆ ಔಷಧಿ ಅಲ್ಲ, ಮಾತ್ರೆ ಬಿಡ್ಬೇಡಿ.”

ಅವನಿಗೋ ಮೊಟ್ಟೆ ಎಂದರೆ ವಾಕರಿಕೆ. ಚಿಕ್ಕವನಿದ್ದಾಗ ಸೋದರಮಾವ ಮೂಗು ಹಿಡಿದು ಹಸಿಮೊಟ್ಟೆ ಕುಡಿಸಿದ್ದ. ಮನೆಗೆ ಬಂದ ಮೇಲೆ ಅದನ್ನೇ ಹೇಳಿ ಮೊಟ್ಟೆ ಬೇಡವೆಂದ.

“ಹಸೀದು ಯಾರು ಕೊಡ್ತಾರೋ ನಿಂಗೆ? ಅದನ್ನ ಕುಡಿದ್ರೆ ಇನ್ನೊಂದು ಕಾಯಿಲೆ ಬಂದೀತು,” ಎಂದು ಗದರಿದ ಅಕ್ಕ, ಹಳದಿ ಗಟ್ಟಿಯಾಗುವವರೆಗೂ ಬೇಯಿಸಿ, ಕರಿಮೆಣಸಿನ ಪುಡಿ ಉದುರಿಸಿ ಕೊಟ್ಟಳು. ಅವನು ಕಣ್ಣು ಮುಚ್ಚಿ ನುಂಗಿದ. ಈರುಳ್ಳಿ ಹಾಕಿ ಹುರಿದುಕೊಟ್ಟ ದಿನ ತಟ್ಟೆ ಖಾಲಿಯಾಗಿತ್ತು.

“ರುಚಿಯಾಗಿತ್ತಾ?”

“ಈರುಳ್ಳಿ ಚೆನ್ನಾಗಿತ್ತು.”

ಅಕ್ಕ ನಗು ತಡೆದುಕೊಂಡು ಒಳಗೆ ಹೋದಳು.

ನಿಧಾನಕ್ಕೆ ಮೈಗೆ ಕಸುವು ಬಂತು. ಮೊದಲು ಮೆಟ್ಟಿಲು ಹತ್ತಿದ, ಆಮೇಲೆ ಬೀದಿಯ ಕೊನೆಯವರೆಗೆ ನಡೆದ. ಮಾತ್ರೆಗಳು ಮುಗಿದು, ಡಾಕ್ಟರಮ್ಮನೂ ಒಪ್ಪಿದ ಮೇಲೆ ಒಂದು ಬೆಳಿಗ್ಗೆ ಅಂಗಡಿ ತೆರೆದ. ಎದೆ ಮುಟ್ಟುವ ಗಡ್ಡ ಬಿಟ್ಟ ಮುದುಕರೊಬ್ಬರು ಒಳಗೆ ಬಂದರು. ದನಿ ಕೇಳಿದ ಮೇಲೇ ಅವರು ಪಕ್ಕದ ಬೀದಿಯ ಮೇಷ್ಟ್ರೆಂದು ತಿಳಿದದ್ದು.

“ಗುರುತೇ ಸಿಗ್ಲಿಲ್ವಲ್ಲ ಮೇಷ್ಟ್ರೇ.”

“ಬೇರೆಯವರ ಕತ್ತಿಗೆ ಕುತ್ತಿಗೆ ಕೊಡೋಕೆ ಧೈರ್ಯ ಬರ್ಲಿಲ್ಲಪ್ಪ. ನೀನು ಬರ್ತೀಯ ಅಂತ ಕಾದೆ.”

ಅವನು ಬಟ್ಟೆ ಹೊದಿಸಿ, ಗಡ್ಡ ಕತ್ತರಿಸಿ, ನೊರೆ ಹಚ್ಚಿ ಕತ್ತಿ ಎತ್ತಿದ. ಕೈ ನೆಟ್ಟಗಿತ್ತು.

ಮರುವರ್ಷದ ಚಳಿಗಾಲದಲ್ಲಿ ಅವನು ಒಂದೇ ಒಂದು ಸಲ ಸೀನುತ್ತ ಮಲಗಿದ್ದು, ಅದೂ ಬೇಗ ವಾಸಿಯಾಯಿತು. ಅದು ಮೊಟ್ಟೆಯ ಬಲವೋ, ಹೊತ್ತಿಗೆ ಸರಿಯಾದ ಊಟದ ಬಲವೋ ಎಂದು ಗಿರಾಕಿಗಳು ಕೇಳಿದರೆ, “ಎರಡೂ ಇರ್ಬೋದು, ಅಕ್ಕನ ಬೈಗುಳಾನೂ ಸೇರಿಸ್ಕೊಳ್ಳಿ,” ಎನ್ನುತ್ತ ತಿಂಡಿ ಡಬ್ಬಿಯ ಮುಚ್ಚಳ ತೆಗೆಯುತ್ತಾನೆ.