ಅತ್ತೆ ಹೇಳದೆ ಬಿಟ್ಟ ನೀರುಳ್ಳಿ

ಕುಮಟಾ ಹತ್ತಿರವಾಗುತ್ತಿದ್ದಂತೆ, ಹೆದ್ದಾರಿಯ ಬದಿಯಲ್ಲಿ ಜಡೆ ಹೆಣೆದು ತೂಗುಹಾಕಿದ ಸಿಹಿ ನೀರುಳ್ಳಿಯ ವಾಸನೆ ಬಸ್ಸಿನ ಕಿಟಕಿಯೊಳಗೆ ನುಗ್ಗುತ್ತದೆ. ನನಗೆ ಅದು ರೇಡಿಯೋದ ವಾಸನೆ. ನಮ್ಮ ಮನೆಯ ರೇಡಿಯೋ ಜಗಲಿಗೆ ಅಡ್ಡ ಕಟ್ಟಿದ ಬಿದಿರಿನ ಗಳುವಿನಲ್ಲಿ ನೀರುಳ್ಳಿ ಜಡೆಗಳ ನಡುವೆಯೇ ನೇತಾಡುತ್ತಿತ್ತು. ತೂತುತೂತಿನ ಅದರ ಚರ್ಮದ ಚೀಲ ವರ್ಷಗಟ್ಟಲೆ ಆ ವಾಸನೆ ಕುಡಿದು, ಗುಂಡಿ ಬಿಚ್ಚಿದರೆ ಸಾಕು, ಒಣಮಣ್ಣು ಬೆರೆತ ಸಿಹಿ ಘಾಟು ಮೂಗಿಗೆ ಅಡರುತ್ತಿತ್ತು. ಅದರಲ್ಲಿ ನೆಟ್ಟಗೆ ಕೇಳುತ್ತಿದ್ದುದು ಹೊನ್ನಾವರದ ಗುಡ್ಡದ ಮೇಲಿದ್ದ ಪುಟ್ಟ ಮೀಡಿಯಂ ವೇವ್ ನಿಲಯ ಒಂದೇ. ಭಟ್ಕಳ ದಾಟಿದರೆ ಅದೂ ಬರೀ ಗೊರಗೊರ. ಇವತ್ತು ಕಡಲಿಗೆ ಇಳಿಯಬಹುದೇ, ಕಾಯ್ಕಿಣಿಯಲ್ಲಿ ಯಾರ ಎಮ್ಮೆ ತಪ್ಪಿಸಿಕೊಂಡಿದೆ, ಕರ್ಕಿಯಲ್ಲಿ ಯಾವ ಯಕ್ಷಗಾನದ ಆಟ ಎಂಬುದನ್ನೆಲ್ಲ ಪಕ್ಕದ ಮನೆಯವರ ಹಾಗೆ ಹೇಳುತ್ತಿತ್ತು.

ರೇಡಿಯೋ ನಾಗವೇಣಿ ಅತ್ತೆಯದು. ಅಪ್ಪನ ಅಕ್ಕ. ಮದುವೆಯಾದ ಎರಡನೇ ವರ್ಷಕ್ಕೇ ಗಂಡನ ಮನೆಯಿಂದ ತಿರುಗಿ ಬಂದವಳು ನಮ್ಮ ನೀರುಳ್ಳಿ ಗದ್ದೆಯಲ್ಲಿ ನಡು ಬಗ್ಗಿಸಿ ದುಡಿದಳು. ಅವಳನ್ನು ಒಂದು ಮಾತು ಕೇಳಿ ಮನೆಯಲ್ಲಿ ಯಾರೂ ಏನನ್ನೂ ಮಾಡಿದ್ದು ನನಗೆ ನೆನಪಿಲ್ಲ. ಹಾಗಾಗಿಯೇ ಇರಬೇಕು, ‘ನಿಮ್ಮ ಅಭಿಪ್ರಾಯ ತಿಳಿಸಿ’ ಎಂದು ರೇಡಿಯೋದ ಹೆಂಗಸು ಹೇಳಿದ್ದನ್ನು ಅತ್ತೆ ತನಗೇ ಹೇಳಿದ್ದೆಂದು ತಿಳಿದಳು. ಸೆಲ್ಲುಗಳನ್ನು ಬಿಸಿಲಿಗಿಟ್ಟು ಜೀವ ಬರಿಸಿ ಕೇಳುವಳು. ವಾರಕ್ಕೊಂದು ಕಾರ್ಡು ಬರೆಸುವಳು. ಬರೆಯುವವಳು ಎಂಟನೇ ಕ್ಲಾಸಿನ ನಾನು. “ಆ ಅಕ್ಕ ಮಾತಾಡಿರೆ ನಮ್ ಜಗಲಿ ಮೇಲೇ ಕೂತಂಗೆ ಆತದೆ ಅಂತ ಬರಿ ತಂಗಿ” ಎಂದು ಅವಳು ಹೇಳಿದರೆ, ನಾನು ‘ತಮ್ಮ ನಿರೂಪಣೆ ಅತ್ಯಂತ ಶ್ಲಾಘನೀಯವಾಗಿದೆ’ ಎಂದು ಬರೆಯುತ್ತಿದ್ದೆ. ಒಂದು ಸಲ ಮಾತ್ರ, ಆಟಕ್ಕೆ ಹೋಗುವ ಅವಸರದಲ್ಲಿ, ಅವಳು ಅಂದದ್ದನ್ನು ಅಂದ ಹಾಗೇ ಗೀಚಿ ಡಬ್ಬಿಗೆ ಹಾಕಿದೆ. ನಿಲಯದವರು ಓದಿದ್ದು ಅದೊಂದೇ ಕಾರ್ಡು. “ನಾಗವೇಣಿಯಮ್ಮ, ನಿಲಯಕ್ಕೆ ಬಂದು ನೀರುಳ್ಳಿ ಬೆಳೆಯುವುದರ ಬಗ್ಗೆ ಹೀಗೇ ಮಾತಾಡಿ. ಚೆನ್ನಾಗಿ ಬಂದರೆ ವಾರವಾರವೂ ಕರೆಯುತ್ತೇವೆ” ಎಂದಿತು ರೇಡಿಯೋ. ಅತ್ತೆ ಮುಖಕ್ಕೆ ಸೆರಗು ಹಿಡಿದು ಅತ್ತಳು.

ಆ ‘ಹೀಗೇ’ ನನಗೆ ಕೇಳಿಸಲೇ ಇಲ್ಲ. ಅತ್ತೆಯ ಮಾತು ಇಡೀ ಶಾಲೆಗೆ ಕೇಳುತ್ತದಲ್ಲ ಎಂಬ ನಾಚಿಕೆಯೊಂದೇ ನನ್ನ ತಲೆಯಲ್ಲಿ. ಎಂಟು ದಿನ ಅವಳನ್ನು ಎದುರಿಗೆ ಕೂರಿಸಿಕೊಂಡು ಪಾಠ ಮಾಡಿದೆ. ‘ಎಂತ’ ಅಲ್ಲ, ‘ಏನು’. ‘ಆತು’ ಅಲ್ಲ, ‘ಆಯಿತು’. ‘ನೀರುಳ್ಳಿ’ ಅಲ್ಲವೇ ಅಲ್ಲ, ಪುಸ್ತಕದಲ್ಲಿರುವುದು ‘ಈರುಳ್ಳಿ’. “ಹುಟ್ಟಿದಾಗಿಂದ ನೀರುಳ್ಳಿನೇ ಅಲ್ವಾ ತಂಗಿ?” ಎಂದು ಅವಳು ಮೆಲ್ಲಗೆ ಕೇಳಿದಳು. “ಹಾಗಂದರೆ ಕೇಳಿದವರು ನಗುತ್ತಾರೆ” ಎಂದೆ. ಅವಳು ನನ್ನನ್ನು ನಂಬಿದಳು.

ಅತ್ತೆ ನಿಲಯಕ್ಕೆ ಹೋಗಿ ಮಾತು ರೆಕಾರ್ಡ್ ಮಾಡಿಸಿ ಬಂದಳು. ಪ್ರಸಾರದ ಸಂಜೆ ಜಗಲಿ ತುಂಬ ಜನ, ಅವರ ನಡುವೆ ಅತ್ತೆ. ರೇಡಿಯೋದೊಳಗಿನ ಅತ್ತೆ ಕಲ್ಲುಮುಳ್ಳಿನ ಮೇಲೆ ನಡೆದ ಹಾಗೆ ಒಂದೊಂದೇ ಪದ ಇಟ್ಟಳು. “ನಾವು ಮೊದಲು ನೀ...” ಎಂದವಳು ನಿಂತೇಬಿಟ್ಟಳು. ಆಮೇಲೆ “ಈರುಳ್ಳಿ” ಎಂದಳು. ಅದಾದ ಮೇಲೆ ಹೆಚ್ಚು ಮಾತಿಲ್ಲ, ಹಾಡು ಹಾಕಿದರು. “ಇದು ನಮ್ ನಾಗಿ ಮಾತಲ್ಲ ಮಾರಾಯ್ತಿ, ಯಾರೋ ಟೀಚರ್ ಇರಬೇಕು” ಎಂದಳು ಪಕ್ಕದ ಮನೆ ಮಾಸ್ತಮ್ಮ. ಎಲ್ಲರೂ ನಕ್ಕರು, ಅತ್ತೆಯೂ ನಕ್ಕಳು. ನಿಲಯದಿಂದ ಮತ್ತೆ ಕರೆ ಬರಲಿಲ್ಲ. ಕಾರ್ಡು ಬರೆಯೆಂದು ಅವಳೂ ಮತ್ತೆ ಕೇಳಲಿಲ್ಲ.

ಆಮೇಲೆ ಒಂದು ವಿಚಿತ್ರ ಸುರುವಾಯಿತು. ಊರವರ ಜೊತೆ, ದನದ ಜೊತೆ ಮೊದಲಿನ ಹಾಗೇ ಮಾತಾಡುವ ಅತ್ತೆ, ನನ್ನ ಕಡೆ ತಿರುಗಿದ ಕೂಡಲೇ “ಏನು ಬೇಕು? ಊಟ ಆಯಿತೇ?” ಎನ್ನುವಳು. ಸಿಟ್ಟಿನಿಂದಲ್ಲ. ನನಗೆ ಹಾಗೆಯೇ ಇಷ್ಟವೆಂದು ತಿಳಿದುಕೊಂಡಿದ್ದಳು. ಮೊದಮೊದಲು ನನಗೆ ಹೆಮ್ಮೆಯೇ ಆಗಿತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಗಿದ್ದು ಹೌದು. ನಾನು ದೊಡ್ಡವಳಾಗಿ ಕನ್ನಡ ಟೀಚರಾದೆ, ಆ ನಿಲಯದವರು ಮೀಡಿಯಂ ವೇವ್ ನಿಲ್ಲಿಸಿದರು, ನಮ್ಮ ಜಗಲಿಯೂ ಹೆದ್ದಾರಿ ಅಗಲ ಮಾಡುವಾಗ ಹೋಯಿತು. ಅತ್ತೆ ಮಾತ್ರ ನನ್ನ ಜೊತೆ ಪುಸ್ತಕದ ಕನ್ನಡ ಬಿಡಲಿಲ್ಲ.

ಹೋದ ಬೇಸಗೆಯಲ್ಲಿ, ಕಣ್ಣು ಮಂಜಾಗಿ ಹಾಸಿಗೆ ಹಿಡಿದಿದ್ದ ಅವಳ ಕೈಗೆ ಒಂದು ಗಡ್ಡೆ ಕೊಟ್ಟು, ಬೇಕೆಂತಲೇ ಕೇಳಿದೆ: “ಅತ್ತೇ, ಈ ಸಲ ನೀರುಳ್ಳಿ ಎಂತಕ್ಕೆ ಇಷ್ಟ್ ಸಣ್ಣ?”

ಅವಳು ಗಾಬರಿಯಿಂದ ನನ್ನ ಕೈ ಹಿಡಿದಳು. “ಈರುಳ್ಳಿ ಅನ್ನಬೇಕು ತಂಗಿ,” ಎಂದಳು. “ಕೇಳಿದವರು ನಗುತ್ತಾರೆ.”

ಮಳೆ ಹಿಡಿಯುವ ಮೊದಲೇ ಅವಳು ಹೋದಳು. ಈಗ ಕುಮಟಾದ ಹತ್ತಿರ ಬಸ್ಸು ನಿಂತಾಗ ಹೆಂಗಸರು ಕಿಟಕಿಗೆ ಜಡೆ ಹಿಡಿದು “ನೀರುಳ್ಳಿ ಬೇಕನ್ರಾ?” ಎಂದು ಕೂಗುತ್ತಾರೆ. ಕೊಳ್ಳುತ್ತೇನೆ, ಮುಖ ಎತ್ತಿ ಅವರನ್ನು ನೋಡಲು ಮಾತ್ರ ನನ್ನಿಂದ ಆಗುವುದಿಲ್ಲ.